ಹಳೇ ಜೀಪಿಗೆ ಹೊಸ ಪತ್ರಾ

ಹಳೆಯ ಗಾಡಿಯ ಮೈಯಲ್ಲಿ ಗಟ್ಟಿ ಪತ್ರಾ ಎಷ್ಟು ಉಳಿದಿದೆ ಎಂದು ತಿಳಿಯಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಕೆಟ್ಟ ಸ್ಪೀಕರಿನಿಂದ ಕಿತ್ತ ಒಂದು ಆಯಸ್ಕಾಂತ ಸಾಕು. ಬಣ್ಣ ಗೀಚದಂತೆ ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡಗಾರ್ಡಿನ ಅಂಚು, ಗಾಲಿಯ ಮೇಲಿನ ಕಮಾನು, ಹಿಂದಿನ ಬಾಗಿಲ ಕೆಳಭಾಗ, ಕಾಲಿಡುವ ತಳ ಹೀಗೆ ಎಲ್ಲ ಕಡೆ ನಿಧಾನಕ್ಕೆ ಸರಿಸುತ್ತ ಹೋಗಿ. ಕಬ್ಬಿಣ ಇರುವಲ್ಲಿ ಆಯಸ್ಕಾಂತ ಕಚ್ಚಿ ಹಿಡಿಯುತ್ತದೆ. ಪುಟ್ಟಿ ತುಂಬಿದ ಜಾಗ ಬಂದ ಕೂಡಲೇ ಕೈ ಬಿಟ್ಟು ಜಾರುತ್ತದೆ. ಹೊಸ ಬಣ್ಣ ಹೊಡೆದು ಥಳಥಳಿಸುವ ಎಷ್ಟೋ ಗಾಡಿಗಳ ನಿಜ ಸ್ಥಿತಿ ಈ ಒಂದು ಪರೀಕ್ಷೆಯಲ್ಲಿ ಹೊರಬೀಳುತ್ತದೆ.

ಕಡಗಂಚಿಯ ನಮ್ಮ ಮನೆಯ ಜೀಪಿನಲ್ಲಿ ಚಾಲಕನ ಕಾಲಡಿಯ ತಳಕ್ಕೆ ಆಯಸ್ಕಾಂತ ಹಿಡಿಯಲೇ ಇಲ್ಲ. ಮ್ಯಾಟು ತೆಗೆದು ಸ್ಕ್ರೂಡ್ರೈವರಿನಿಂದ ಒತ್ತಿದರೆ ಅದು ನೇರ ಕೆಳಗಿಳಿದು ಅಂಗಳದ ಫರ್ಸಿಗೆ ತಾಗಿತು. ಸರಕಾರಿ ಹರಾಜಿನಲ್ಲಿ ನಮ್ಮಪ್ಪ ಹಿಡಿದ ಜೀಪು ಅದು. ಎತ್ತರದ ಬಾನೆಟ್ಟಿನ ಮಹೀಂದ್ರಾ, ಸಿಜೆ-3ಬಿ ಮಾದರಿ. ಎಳ್ಳ ಅಮಾವಾಸ್ಯೆಗೆ ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋದದ್ದು, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋದದ್ದು, ತೊಗರಿ ಚೀಲ ಹೇರಿಕೊಂಡು ಕಲಬುರಗಿ ಬಜಾರಿಗೆ ಹೋದದ್ದು ಎಲ್ಲ ಅದರಲ್ಲೇ. ಎಂಜಿನ್ ಈಗಲೂ ಒಂದೇ ಸೆಲ್ಫಿಗೆ ಏಳುತ್ತದೆ. ಹೋದದ್ದು ಮೈ ಮಾತ್ರ.

ಹಿಂದೊಮ್ಮೆ ಅದನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಮರಳಿ ಬಂದಾಗ ಹೊಸದರಂತೆ ಕಂಡಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದ ಕೆಳಗೆ ಗುಳ್ಳೆ ಎದ್ದವು. ಉಗುರಿನಿಂದ ಒತ್ತಿದರೆ ಬಣ್ಣ, ಪುಟ್ಟಿ, ತುಕ್ಕು ಮೂರೂ ಹಕ್ಕಳೆಯಾಗಿ ಕೈಗೆ ಬಂದವು. ತೂತಿನ ಹಿಂದೆ ಜಾಳಿಗೆ ಇಟ್ಟು ಮೇಲೆ ಪುಟ್ಟಿ ಮೆತ್ತಿದ್ದರು. ತುಕ್ಕನ್ನು ತೆಗೆದಿರಲಿಲ್ಲ, ಮುಚ್ಚಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೊಸ ಪತ್ರಾ ಹಾಕುವ ಕೆಲಸವನ್ನು ಮನೆಯ ಅಂಗಳದಲ್ಲೇ ಮಾಡಬೇಕೆಂದು ಹಟ ಹಿಡಿದದ್ದು ಆಗ. ಐಟಿಐನಲ್ಲಿ ವೆಲ್ಡರ್ ಟ್ರೇಡ್ ಮುಗಿಸಿದ ತಮ್ಮನ ಮಗ ಜೊತೆಗಿದ್ದ.

ಬಿಸಿಲ ನಾಡಿನಲ್ಲಿ ತುಕ್ಕು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿ ಇದೆ, ಅಲ್ಲಿ ಗಾಡಿ ಹಾಳಾಗುತ್ತದೆ, ನಮಗೇನು ಎಂಬ ಧೈರ್ಯ ನಮ್ಮವರದು. ಕಲಬುರಗಿ ಸೀಮೆಯ ಗಾಳಿ ಒಣ ಎಂಬುದು ನಿಜ, ಗಾಳಿಯ ತೇವ ಶೇಕಡಾ 60ಕ್ಕಿಂತ ಕೆಳಗಿದ್ದರೆ ಬರಿ ಕಬ್ಬಿಣಕ್ಕೂ ತುಕ್ಕು ಹತ್ತುವುದು ತೀರ ನಿಧಾನ ಎಂಬುದೂ ನಿಜ. ಆದರೆ ನಮ್ಮ ಗಾಡಿಗಳನ್ನು ತಿನ್ನುವುದು ಗಾಳಿಯಲ್ಲ, ಎರೆ ಮಣ್ಣು. ಒಮ್ಮೆ ಹಸಿ ಹೊಲದಲ್ಲಿ ಇಳಿದು ಬಂದರೆ ಆ ಮಣ್ಣು ಚಾಸಿಯ ಸಂದು, ಮಡಗಾರ್ಡಿನ ಮಡಿಕೆ, ತಳದ ಪಟ್ಟಿಗಳ ಒಳಗೆ ಮೆತ್ತಿಕೊಂಡು ಕೂರುತ್ತದೆ. ಹೊರಗಿನಿಂದ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ವಾರಗಟ್ಟಲೆ ತಂಪು ಹಿಡಿದಿರುತ್ತದೆ.

ತುಕ್ಕು ಒಂದು ಸಣ್ಣ ಬ್ಯಾಟರಿಯ ಹಾಗೆ ನಡೆಯುತ್ತದೆ. ಒಂದೇ ಪತ್ರಾದ ಮೇಲೆ ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಪಕ್ಕದ ಜಾಗದಲ್ಲಿ ನೀರು ಮತ್ತು ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುತ್ತವೆ. ನಡುವೆ ತೇವ ಇದ್ದರೆ ಸಾಕು, ಮಂಡಲ ಪೂರ್ತಿಯಾಯಿತು. ಇದರಲ್ಲಿ ಮೋಸದ ಸಂಗತಿ ಒಂದಿದೆ. ಗಾಳಿ ಚೆನ್ನಾಗಿ ಆಡುವ ಜಾಗ ಉಳಿದುಕೊಳ್ಳುತ್ತದೆ, ಮಣ್ಣಿನ ಹೆಂಟೆಯ ಕೆಳಗೆ ಆಮ್ಲಜನಕ ಕಡಿಮೆ ಇರುವ ಜಾಗವೇ ತೂತು ಬೀಳುತ್ತದೆ. ಕಣ್ಣಿಗೆ ಕಾಣುವ ಕಡೆ ಚೊಕ್ಕ, ಕಾಣದ ಕಡೆ ಜಾಳುಜಾಳು.

ಅದರ ಮೇಲೆ ಗೊಬ್ಬರ. ಜೀಪಿನ ಹಿಂದೆ ಯೂರಿಯಾ, ಡಿಎಪಿ, ಪೊಟ್ಯಾಶ್ ಚೀಲ ಹೇರದ ರೈತ ನಮ್ಮಲ್ಲಿಲ್ಲ. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಂಡು ತಾನೇ ನೀರೊಡೆಯುತ್ತದೆ. ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಸಮುದ್ರದ ಉಪ್ಪಿನ ಖಾಸಾ ಬಳಗ. ಹರಿದ ಚೀಲದಿಂದ ಉದುರಿದ ಒಂದು ಹಿಡಿ ಪೊಟ್ಯಾಶ್ ತಳದ ಮೂಲೆಯಲ್ಲಿ ಉಳಿದರೆ ಕಡಗಂಚಿಯಲ್ಲಿದ್ದೂ ಗಾಡಿ ಕಾರವಾರದ ಕಡಲ ದಂಡೆಯಲ್ಲಿ ನಿಂತಂತೆಯೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದಾಗ ಮುಳುಗಿದ ಗಾಡಿಗಳದು ಇನ್ನೊಂದು ಪಾಡು. ಅಂಥ ಗಾಡಿಯ ಮೇಲ್ಮೈಯನ್ನು ಎಲ್ಲರೂ ತೊಳೆಯುತ್ತಾರೆ. ಡಬ್ಬಿಯಾಕಾರದ ಟೊಳ್ಳುಗಳೊಳಗೆ ಇಳಿದ ರೊಜ್ಜು ಒಳಗೇ ಉಳಿದು ವರ್ಷಗಟ್ಟಲೆ ತನ್ನ ಕೆಲಸ ಮಾಡುತ್ತಿರುತ್ತದೆ.

ಕಬ್ಬಿಣ ಎಂದ ಮೇಲೆ ತುಕ್ಕು ಹಿಡಿಯಲೇಬೇಕು ಎಂದು ಕೈಚೆಲ್ಲುವವರಿಗೆ ಒಂದು ಮಾತು. ದಿಲ್ಲಿಯ ಮೆಹರೌಲಿ ಸ್ತಂಭ ಸುಮಾರು 1600 ವರ್ಷಗಳಿಂದ ನಿಂತಿದೆ. ನಮ್ಮದೇ ಕೊಡಚಾದ್ರಿಯಲ್ಲಿ, ಮಲೆನಾಡಿನ ಧೋ ಧೋ ಮಳೆಯಲ್ಲಿ, ಮೂಕಾಂಬಿಕೆಯ ಮೂಲಸ್ಥಾನದ ಎದುರು ಹಳೆಯ ಕಬ್ಬಿಣದ ಕಂಬ ನಿಂತಿದೆ. ದಿಲ್ಲಿಯ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದರಿಂದ ಮೇಲ್ಮೈಯಲ್ಲಿ ಒಂದು ತೆಳುವಾದ, ಗಟ್ಟಿಯಾದ ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತಿದೆ. ಗಾಡಿಯ ಪತ್ರಾಕ್ಕೆ ಆ ಭಾಗ್ಯವಿಲ್ಲ. ಅಚ್ಚಿನಲ್ಲಿ ಒತ್ತಿ ಬಾಗಿಸಲು ಬರಬೇಕೆಂದು ಅದರಲ್ಲಿ ಇಂಗಾಲ, ರಂಜಕ ಎರಡನ್ನೂ ಕಡಿಮೆ ಇಟ್ಟಿರುತ್ತಾರೆ. ಆ ಮೃದು ಪತ್ರಾ ಬಾಳಬೇಕೆಂದರೆ ಬಣ್ಣ ಬೇಕು, ನೀರು ನಿಲ್ಲದ ಹಾಗೆ ದಾರಿ ಬೇಕು. ಎರಡೂ ನಮ್ಮ ಕೈಯಲ್ಲೇ ಇವೆ.

ಮನೆಯಲ್ಲಿ ಯಾವ ಗಾಡಿಗೆ ಕೈ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಂಬುದನ್ನು ಇಲ್ಲೇ ಬಿಡಿಸಿ ಹೇಳಬೇಕು. ಜೀಪಿನಲ್ಲಿ ಚಾಸಿ ಬೇರೆ, ಮೈ ಬೇರೆ. ಎಂಜಿನ್, ಗೇರ್‌ಬಾಕ್ಸ್, ಪಾಟಾಗಳೆಲ್ಲ ಕೂತಿರುವುದು ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ. ಮೈಯನ್ನು ಅದರ ಮೇಲಿಟ್ಟು ಬೋಲ್ಟ್ ಹಾಕಿರುತ್ತಾರೆ. ಮೈಯ ಒಂದು ತುಂಡು ಕತ್ತರಿಸಿದರೆ ಗಾಡಿಯ ಬಲ ಕುಂದುವುದಿಲ್ಲ. ಹಳೆಯ ಟ್ರ್ಯಾಕ್ಸ್, ಕಮಾಂಡರ್, ಟ್ರ್ಯಾಕ್ಟರಿನ ಮಡಗಾರ್ಡು ಇವೂ ಇದೇ ಜಾತಿ. ಮಾರುತಿ 800, ಓಮ್ನಿ ಮತ್ತು ಈಗಿನ ಬಹುತೇಕ ಕಾರುಗಳು ಹಾಗಲ್ಲ. ಅವಕ್ಕೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಬಾಗಿಲ ಕೆಳಗಿನ ಉದ್ದ ಪಟ್ಟಿ, ಕಂಬಗಳು, ಸಸ್ಪೆನ್ಷನ್ ಕಚ್ಚುವ ಜಾಗ ಇವೆಲ್ಲ ಅಪಘಾತದ ಹೊಡೆತ ತಾಳುವ ಭಾಗಗಳು. ಅಲ್ಲಿ ತುಕ್ಕು ತಿಂದಿದ್ದರೆ ದಯವಿಟ್ಟು ಮನೆಯಲ್ಲಿ ಕತ್ತರಿಸಬೇಡಿ. ಬಾಗಿಲು, ಬಾನೆಟ್, ಬೋಲ್ಟ್ ಹಾಕಿದ ಮಡಗಾರ್ಡುಗಳನ್ನು ಬೇಕಾದರೆ ಬಿಚ್ಚಿ ಬದಲಿಸಿಕೊಳ್ಳಿ. ಜೀಪಿನಲ್ಲೂ ಚಾಸಿಯೇ ತೂತು ಬಿದ್ದಿದ್ದರೆ ಅದು ಪತ್ರಾ ಕೆಲಸವಲ್ಲ, ಪಳಗಿದ ವೆಲ್ಡರನ ಕೆಲಸ.

ಸಿಜೆ-3ಬಿ ಮೈ ಎಲ್ಲೆಲ್ಲಿ ಹೋಗುತ್ತದೆ ಎಂಬುದು ಹೆಚ್ಚುಕಡಿಮೆ ಮೊದಲೇ ಬರೆದಿಟ್ಟ ಹಾಗೆ. 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವುದರಿಂದ ಶುರುಮಾಡಿದ ಮಹೀಂದ್ರಾ ಕಂಪನಿ ಮುಂದೆ ಈ ಮಾದರಿಯನ್ನು ಇಲ್ಲೇ ತಯಾರಿಸಿತು. ಅಮೆರಿಕದಲ್ಲಿ ಇದು 1953ರಲ್ಲಿ ಬಂದು 1968ಕ್ಕೆ ನಿಂತುಹೋಯಿತು, ನಮ್ಮಲ್ಲಿ ಆಮೇಲೂ ದಶಕಗಳ ಕಾಲ ನಡೆಯಿತು. ಈ ಮಾದರಿಗೆ ಹಾಕಿದ ಎತ್ತರದ ಪೆಟ್ರೋಲ್ ಎಂಜಿನ್ ಹಳೆಯ ಬಾನೆಟ್ಟಿನೊಳಗೆ ಹಿಡಿಸದ್ದರಿಂದ ಬಾನೆಟ್ಟನ್ನೇ ಎತ್ತರ ಮಾಡಿದ್ದರು. ಮೈಯ ಮೂಲ ಕಟ್ಟು ಮಾತ್ರ ಯುದ್ಧಕಾಲದ ಜೀಪಿನದೇ. ತಳದ ಪತ್ರಾ ಬಾಗದಿರಲೆಂದು ಅದರ ಕೆಳಗೆ ಟೊಪ್ಪಿಗೆಯಾಕಾರದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಯುದ್ಧಕಾಲದ ಜೀಪುಗಳಲ್ಲಿ ಅದರೊಳಗೆ ಕಟ್ಟಿಗೆಯನ್ನೂ ಕೂರಿಸುತ್ತಿದ್ದರು. ಕಟ್ಟಿಗೆ ಇರಲಿ ಬಿಡಲಿ, ಪಟ್ಟಿಯ ಒಳಗೆ ಸೇರಿದ ಮಣ್ಣಿಗೆ ಹೊರಬರುವ ದಾರಿಯಿಲ್ಲ. ನಮ್ಮ ಜೀಪಿನ ತಳ ಕತ್ತರಿಸಿದಾಗ ಆ ಪಟ್ಟಿಗಳಿಂದ ಉದುರಿದ ಮಣ್ಣಿನಲ್ಲಿ ಜೋಳದ ಕಾಳು, ತೊಗರಿ ಹೊಟ್ಟು, ತುಕ್ಕಿನ ಹಕ್ಕಳೆ ಎಲ್ಲ ಬೆರೆತಿದ್ದವು. ತಳವನ್ನು ಕೆಳಗಿನಿಂದ ತಿಂದದ್ದು ಅದೇ ಮಣ್ಣು. ಮೇಲಿನಿಂದ ಎಷ್ಟು ಸಲ ಬಣ್ಣ ಹೊಡೆದಿದ್ದರೂ ಉಪಯೋಗವಾಗುತ್ತಿರಲಿಲ್ಲ.

ಕೆಲಸ ಹಿಡಿಯುವ ಮುಂಚೆ ಮಾಡಬೇಕಾದ ಎರಡು ಸಂಗತಿಗಳಿಗೆ ಯಾವ ರಿಯಾಯಿತಿಯೂ ಇಲ್ಲ. ಬ್ಯಾಟರಿಯ ತಂತಿ ಬಿಚ್ಚಿ ಬ್ಯಾಟರಿಯನ್ನೇ ಹೊರಗಿಡಿ. ಆಮೇಲೆ ಇಂಧನದ ಟ್ಯಾಂಕು. ಈ ಜೀಪಿನಲ್ಲಿ ಟ್ಯಾಂಕು ಇರುವುದು ಚಾಲಕನ ಸೀಟಿನ ಅಡಿಯಲ್ಲೇ, ತುಕ್ಕು ತಿಂದ ತಳದಿಂದ ಗೇಣಿನಷ್ಟೂ ದೂರವಿಲ್ಲ. ಟ್ಯಾಂಕು ಖಾಲಿ ಇದೆ, ಪರವಾಗಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ಡೀಸೆಲ್ ತಾನೇ ಎಂದು ಸಡಿಲ ಬಿಡಬಾರದು. ನಾವು ಟ್ಯಾಂಕು ಇಳಿಸಿ ಹಿತ್ತಲಿನ ಆ ತುದಿಗೆ ಒಯ್ದಿಟ್ಟೆವು. ನಮ್ಮ ಕಡೆ ಇನ್ನೂ ಒಂದು ಎಚ್ಚರ ಬೇಕು. ಗ್ರೈಂಡರಿನ ಕಿಡಿ ಹತ್ತಾರು ಅಡಿ ಹಾರುತ್ತದೆ, ಬೇಸಗೆಯಲ್ಲಿ ಎಲ್ಲರ ಮನೆಯ ಪಕ್ಕ ಕಣಕಿಯ ಬಣವಿ ಇರುತ್ತದೆ. ಬಣವಿಯ ದಿಕ್ಕಿಗೆ ಕಿಡಿ ಹಾರದಂತೆ ಗಾಡಿ ತಿರುಗಿಸಿ ನಿಲ್ಲಿಸಿ. ನೀರಿನ ಕೊಡ, ಒಂದು ಬುಟ್ಟಿ ಉಸುಕು ಕೈಗೆಟಕುವಲ್ಲಿರಲಿ. ಕೆಲಸ ಮುಗಿದ ಮೇಲೂ ಒಂದು ಹೊತ್ತು ಯಾರಾದರೂ ಅಲ್ಲೇ ಕೂತಿರಲಿ, ಸಂದಿಗೆ ಸಿಕ್ಕ ಕಿಡಿ ತಡವಾಗಿ ಹೊತ್ತುತ್ತದೆ.

ಕತ್ತರಿಸುವಾಗ ಮನಸ್ಸು ಗಟ್ಟಿ ಮಾಡಬೇಕು. ತಮ್ಮನ ಮಗ ತೂತಿನ ಸುತ್ತ ಚಾಕಿನಿಂದ ಗೆರೆ ಎಳೆದು ಕೇಳಿದ: "ದೊಡ್ಡಪ್ಪಾ, ಇಷ್ಟ ಕತ್ತರಿಸಿದ್ರ ಸಾಕಲ್ರೀ?"

"ಸಾಲಂಗಿಲ್ಲಪಾ. ಬಿಳಿ ಪತ್ರಾ ಕಾಣೋತನಕ ಹೋಗು. ಅರ್ಧಾ ತುಕ್ಕು ಬಿಟ್ರ ಅದು ಮತ್ತ ಬರ್ತದ."

ತೂತು ಅಂಗೈಯಷ್ಟಿದ್ದರೆ ತುಕ್ಕು ಮೊರದಷ್ಟು ಹಬ್ಬಿರುತ್ತದೆ. ವೈರ್ ಬ್ರಶ್ಶಿನಿಂದ ಬಣ್ಣ ಕೆರೆದು, ಪತ್ರಾ ಹೊಳಪು ಬರುವ ಕಡೆಯಿಂದಲೂ ಒಂದೆರಡು ಇಂಚು ಆಚೆ ಗೆರೆ ಎಳೆಯಬೇಕು. ತೆಳುವಾದ ಪತ್ರಾಕ್ಕೆ ಹೊಸ ಪತ್ರಾ ಬೆಸೆಯಲು ಹೋದರೆ ಅದು ಮೇಣದಂತೆ ಕರಗಿ ತೂತು ಇನ್ನಷ್ಟು ದೊಡ್ಡದಾಗುತ್ತದೆ. ಕತ್ತರಿಸಲು 1 ಮಿ.ಮೀ. ದಪ್ಪದ ಕಟಿಂಗ್ ವೀಲ್ ಹಾಕಿದ ಹ್ಯಾಂಡ್ ಗ್ರೈಂಡರ್ ಸಾಕು. ಕಂಪನಿಯವರು ಚುಕ್ಕೆ ಚುಕ್ಕೆಯಾಗಿ ಬೆಸೆದ ಜಾಗಗಳನ್ನು ಮಾತ್ರ ಸೀಳಬೇಡಿ, ಡ್ರಿಲ್ಲಿನಿಂದ ಮೇಲಿನ ಪದರವನ್ನಷ್ಟೇ ಕೊರೆದರೆ ಎರಡು ಪತ್ರಾಗಳು ಸಲೀಸಾಗಿ ಬೇರೆಯಾಗುತ್ತವೆ. ಕೆಳಗಿನ ಪಟ್ಟಿ ಉಳಿದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು ಇರಲೇಬೇಕು. ವೀಲ್ ಒಡೆದು ಹಾರಿದರೆ ಅದು ಗುಂಡಿನ ವೇಗ. ಗ್ರೈಂಡರಿನ ಗಾರ್ಡು ಕಿತ್ತೆಸೆದು ಕೆಲಸ ಮಾಡುವುದು ನಮ್ಮ ಕಡೆ ಒಂದು ಶೌರ್ಯವಾಗಿಬಿಟ್ಟಿದೆ, ಅದನ್ನು ನೋಡಿದಾಗೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಇನ್ನೊಂದು ಮಾತು: ಒಂದೇ ಸಲ ಎಲ್ಲ ಕಡೆ ಕತ್ತರಿಸಬೇಡಿ. ಒಂದು ಭಾಗ ಕತ್ತರಿಸಿ, ಹೊಸದು ಕೂರಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಇಲ್ಲದಿದ್ದರೆ ಮೈ ಸೊಟ್ಟಗಾಗಿ ಮರುದಿನ ಗಾಜಿನ ಚೌಕಟ್ಟು ಕೂರುವುದಿಲ್ಲ.

ಹೊಸ ತುಂಡಿನ ಅಳತೆಗೆ ರಟ್ಟು ಬೇಕು. ಟೈಲ್ಸ್ ಬರುವ ಡಬ್ಬದ ರಟ್ಟಾದರೆ ಒಳ್ಳೆಯದು, ಬಾಗುತ್ತದೆ, ಹರಿಯುವುದಿಲ್ಲ. ತೂತಿನ ಮೇಲಿಟ್ಟು ಗುರುತು ಮಾಡಿ, ಮಡಿಕೆಗಳನ್ನೂ ರಟ್ಟಿನಲ್ಲೇ ಮಡಚಿ ನೋಡಿ, ಸರಿ ಕೂತ ಮೇಲೆ ಪತ್ರಾದ ಮೇಲೆ ಹರಡಿ ಗೀಚಬೇಕು. ನಮ್ಮ ಅಂಗಳಕ್ಕೆ ಹಾಸಿದ್ದು ಶಹಾಬಾದ್ ಫರ್ಸಿ. ಗೆರೆ ಹಾಕಲು ಅಷ್ಟು ಸಮತಟ್ಟಾದ ಮೇಜು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದರ ಮೇಲೆ ಸುತ್ತಿಗೆ ಮಾತ್ರ ಆಡಿಸಬಾರದು, ಒಡೆಯುತ್ತದೆ.

ಪತ್ರಾ ತರುವಾಗ ಗೇಜಿನ ಲೆಕ್ಕ ಗೊತ್ತಿರಲಿ. ಸಂಖ್ಯೆ ಹೆಚ್ಚಾದಷ್ಟೂ ಪತ್ರಾ ತೆಳು. 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಎಂದರೆ 1.2, 20 ಎಂದರೆ 0.9. ಜೀಪಿನ ತಳಕ್ಕೂ ಬದಿಗೂ 18 ಗೇಜ್ ಸರಿಹೊಂದುತ್ತದೆ. ಗಟ್ಟಿಯಾಗಲೆಂದು ಇನ್ನೂ ದಪ್ಪದ್ದು ಹಾಕಿದರೆ ಬಾಗಿಸಲು ಕಷ್ಟ, ಪಕ್ಕದ ಹಳೆಯ ಪತ್ರಾದ ಜೊತೆ ಹೊಂದಿಕೆಯೂ ಆಗುವುದಿಲ್ಲ. ಅಂಗಡಿಯಲ್ಲಿ ಸಿಆರ್ ಶೀಟ್ ಎಂದೇ ಕೇಳಿ. ತಣ್ಣಗೆ ಉರುಳಿಸಿ ಮಾಡಿದ, ಮೇಲ್ಮೈ ನಯವಾದ ಪತ್ರಾ ಅದು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಕಾರ್ಖಾನೆಯಲ್ಲಿ ಇಂಥ ಪತ್ರಾ ತಯಾರಾಗಿ ಕಾರು ಕಂಪನಿಗಳಿಗೆ ಹೋಗುತ್ತದೆ. ಮನೆಯ ಮೇಲೆ ಹೊದಿಸಿ ಉಳಿದ ಜಿಐ ಪತ್ರಾದ ತುಂಡುಗಳನ್ನು ಗಾಡಿಗೆ ಬಡಿಯುವವರಿದ್ದಾರೆ. ಅದರ ಮೇಲೆ ಸತುವಿನ ಲೇಪ ಇರುತ್ತದೆ. ವೆಲ್ಡಿಂಗ್ ಹತ್ತಿದ ಕೂಡಲೇ ಬಿಳಿ ಹೊಗೆ ಏಳುತ್ತದೆ, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ, ಮೈಕೈ ನೋವು ಬರುತ್ತದೆ. ವೆಲ್ಡರುಗಳು ಇದನ್ನು ಮಾಮೂಲು ಎಂದು ತಳ್ಳಿಹಾಕುತ್ತಾರೆ. ಅದು ಮಾಮೂಲಲ್ಲ. ಜಿಐ ಹಾಕಲೇಬೇಕಾದರೆ ಬೆಸುಗೆಯ ಅಂಚಿನ ಸತುವನ್ನು ಮೊದಲು ಉಜ್ಜಿ ತೆಗೆಯಿರಿ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡಿ.

ಅಂಚು ಬಾಗಿಸುವುದು ನೋಡಲು ಚೆಂದದ ಕೆಲಸ. ನಮ್ಮಲ್ಲಿ ಬಾಗಿಸುವ ಮಷಿನ್ ಇರಲಿಲ್ಲ. ಎರಡು ಆ್ಯಂಗಲ್ ಪಟ್ಟಿಗಳ ನಡುವೆ ಪತ್ರಾ ಇಟ್ಟು ಕ್ಲ್ಯಾಂಪ್ ಬಿಗಿದು, ಮರದ ಕೊಡತಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ತಟ್ಟುತ್ತ ಹೋದೆವು. ಒಂದೇ ಜಾಗದಲ್ಲಿ ಪೂರ್ತಿ ಬಾಗಿಸಿದರೆ ಪಕ್ಕದಲ್ಲಿ ಸುಕ್ಕು ಬೀಳುತ್ತದೆ. ಮಡಗಾರ್ಡಿನ ಉಬ್ಬಿಗೆ ಕಲಬುರಗಿಯ ಭಂಗಾರ ಅಂಗಡಿಯಿಂದ ತಂದ ರೈಲು ಹಳಿಯ ತುಂಡು ಅಡಿಗಲ್ಲಾಯಿತು. ಹುಡುಗ ಎಡಗೈಯಲ್ಲಿ ಪತ್ರಾ ಹಿಡಿದು ಸರಿಸುತ್ತ, ಬಲಗೈಯ ಸುತ್ತಿಗೆಯನ್ನು ಎತ್ತುವುದಕ್ಕಿಂತ ಬೀಳಬಿಡುತ್ತ ಹೋದ. ಪತ್ರಾ ಹಳಿಗೆ ಸರಿಯಾಗಿ ತಾಗಿದ್ದರೆ ಠಣ್ ಎಂಬ ಸ್ವಚ್ಛ ಸಪ್ಪಳ, ನಡುವೆ ಸಂದು ಇದ್ದರೆ ದಪ್ ಎಂಬ ಮಂದ ಸಪ್ಪಳ. ಕಣ್ಣಿಗಿಂತ ಕಿವಿಯೇ ಹೆಚ್ಚು ಹೇಳುತ್ತದೆ. ಹಳೆಯ ಟಿಂಕರ್ ವಸ್ತಾದರು ಗಾಡಿಯ ಕಡೆ ನೋಡದೆ ಮಾತಾಡುತ್ತಲೇ ಕೆಲಸ ಮಾಡುವುದನ್ನು ನಾನು ಕಂಡಿದ್ದೇನೆ. ಪುಟ್ಟಿ ಸಲೀಸಾಗಿ ಸಿಗತೊಡಗಿದ ಮೇಲೆ ಆ ವಿದ್ಯೆಗೆ ಬೆಲೆ ಇಳಿಯಿತು. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ.

ಬೆಸುಗೆಯಲ್ಲಿ ಮೂರು ದಾರಿಗಳಿವೆ. ಕಡ್ಡಿ ಹಾಕಿ ಮಾಡುವ ಕರೆಂಟ್ ವೆಲ್ಡಿಂಗ್ ಗೇಟು, ಗ್ರಿಲ್ಲುಗಳಿಗೆ ಸರಿ. 1 ಮಿ.ಮೀ. ಪತ್ರಾದ ಮೇಲೆ ಕಡ್ಡಿ ಮುಟ್ಟಿಸಿದರೆ ಸುಟ್ಟು ತೂತಾಗುತ್ತದೆ. ಗ್ಯಾಸ್ ವೆಲ್ಡಿಂಗ್ ನಮ್ಮ ಟಿಂಕರುಗಳ ಹಳೆಯ ಕಸುಬು, ಬೆಸುಗೆ ಮೃದುವಾಗಿ ಸುತ್ತಿಗೆಗೆ ಬಗ್ಗುತ್ತದೆ, ಆದರೆ ಬಿಸಿ ಬಹಳ ದೂರ ಹರಡುತ್ತದೆ. ಮನೆಯ ಕೆಲಸಕ್ಕೆ ಈಗ ಸಿಒಟು ವೆಲ್ಡಿಂಗ್, ಅಂದರೆ ಮಿಗ್, ಎಲ್ಲಕ್ಕಿಂತ ಅನುಕೂಲ. 0.8 ಮಿ.ಮೀ. ತಂತಿ ತಾನಾಗಿ ಹೊರಬರುತ್ತದೆ, ಗ್ಯಾಸು ಬೆಸುಗೆಯನ್ನು ಗಾಳಿಯಿಂದ ಕಾಯುತ್ತದೆ. ಮನೆಯ ಸಿಂಗಲ್ ಫೇಸ್ ಕರೆಂಟಿಗೇ ನಡೆಯುವ ಸಣ್ಣ ಮಷಿನ್‌ಗಳು ಬಾಡಿಗೆಗೂ ಸಿಗುತ್ತವೆ. ನಮ್ಮಂಥ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಬೆಸುಗೆ ಕೆಡುತ್ತದೆ. ಬೆಳಗ್ಗೆ ಮಾಡುವುದೇ ಲೇಸು.

ಪತ್ರಾ ಬಿಸಿಗೆ ಏಕೆ ಸೊಟ್ಟಗಾಗುತ್ತದೆ ಎಂದು ಹುಡುಗರಿಗೆ ಹೇಳಲು ನಾನು ಬಂಡಿ ಗಾಲಿಯನ್ನೇ ಎತ್ತಿಕೊಳ್ಳುತ್ತೇನೆ. ಕಂಬಾರ ಕಬ್ಬಿಣದ ಪಟ್ಟಾ ಕೆಂಪಗೆ ಕಾಯಿಸಿ ಗಾಲಿಗೆ ಏರಿಸಿ ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಮುಕಿ ಹಿಡಿಯುತ್ತದೆ. ಬೆಸೆದ ಗೆರೆಯೂ ತಣ್ಣಗಾಗುವಾಗ ಹಾಗೆಯೇ ಕುಗ್ಗುತ್ತದೆ, ಪಕ್ಕದ ಪತ್ರಾವನ್ನು ತನ್ನ ಕಡೆ ಎಳೆಯುತ್ತದೆ. ಆದ್ದರಿಂದ ಉದ್ದಕ್ಕೂ ಒಂದೇ ಸಲ ಗೆರೆ ಎಳೆಯಬಾರದು. ಒಂದು ಮೂಲೆಯಲ್ಲಿ ಒಂದು ಚುಕ್ಕೆ, ಎದುರು ಮೂಲೆಯಲ್ಲಿ ಇನ್ನೊಂದು, ನಡುವೆ ಮತ್ತೊಂದು, ಹೀಗೆ ಜಿಗಿಯುತ್ತ ಹೋಗಬೇಕು. ಕೈ ಇಟ್ಟರೆ ತಾಳುವಷ್ಟು ಆರಿದ ಮೇಲೆಯೇ ಪಕ್ಕದ ಚುಕ್ಕೆ. ನೀರು ಹೊಯ್ದು ಆರಿಸುವ ಅವಸರ ಬೇಡ. ತಾಳ್ಮೆ ಇಲ್ಲದವರಿಗೆ ಈ ಹಂತ ಕಷ್ಟ, ಆದರೆ ಕೆಲಸದ ಅಂದ ನಿಲ್ಲುವುದು ಇಲ್ಲೇ.

ಹೊರಗೆ ಕಾಣುವ ಬದಿಗಳಿಗೆ ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು ಒಳ್ಳೆಯದು. ತಳಕ್ಕೆ ಒಂದರ ಮೇಲೊಂದು ಅರ್ಧ ಇಂಚು ಹೊಂದಿಸಿ ಬೆಸೆದರೂ ನಡೆಯುತ್ತದೆ, ಆದರೆ ಆ ಎರಡು ಪದರಗಳ ನಡುವೆ ನೀರು ಹೊಕ್ಕರೆ ಹೊಸ ತುಕ್ಕಿಗೆ ಬೀಜ ಬಿತ್ತಿದಂತೆ. ಕೂರಿಸುವ ಮುಂಚೆ ಎರಡೂ ಒಳಮುಖಗಳಿಗೆ ವೆಲ್ಡಿಂಗ್ ತಾಳುವ ಸತುವಿನ ಪ್ರೈಮರ್ ಹೊಡೆಯಿರಿ, ಬೆಸೆದಾದ ಮೇಲೆ ಸೀಮ್ ಸೀಲರ್ ತುಂಬಿ. ವೆಲ್ಡಿಂಗ್ ಸೌಕರ್ಯವೇ ಇಲ್ಲದವರು ತಳಕ್ಕೆ ಸೀಲರ್ ಹಚ್ಚಿ ರಿವೆಟ್ ಹೊಡೆದರೂ ತಪ್ಪೇನಿಲ್ಲ. ಜೀಪಿನ ತಳ ಭಾರ ಹೊರುವ ಚಾಸಿಯಲ್ಲವಾದ್ದರಿಂದ ಇದು ಒಪ್ಪುವ ದಾರಿ.

ಬಣ್ಣದ ವಿಷಯದಲ್ಲಿ ನಮ್ಮವರಿಗೆ ರೆಡ್ ಆಕ್ಸೈಡ್ ಮೇಲೆ ಅತಿಯಾದ ನಂಬಿಕೆ. ಕೆಂಪು ಹೊಡೆದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಬರಿ ರೆಡ್ ಆಕ್ಸೈಡಿನ ಪದರದಲ್ಲಿ ನೀರಿನ ತೇವ ನಿಧಾನಕ್ಕೆ ಇಳಿದೇ ಇಳಿಯುತ್ತದೆ. ಬರಿ ಲೋಹದ ಮೇಲೆ ಮೊದಲು ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಬರಬೇಕು. ಉಜ್ಜಲು ಸಿಗದ ಮೂಲೆಗಳ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರೆ ಅದು ಕಪ್ಪಗೆ ತಿರುಗಿ ಗಟ್ಟಿಯಾಗುತ್ತದೆ, ಆದರೆ ಹಕ್ಕಳೆ ಕಿತ್ತು ಬರುವಂಥ ತುಕ್ಕಿಗೆ ಅದು ಮದ್ದಲ್ಲ. ಪುಟ್ಟಿಯನ್ನು ನಾನು ಬೇಡವೇ ಬೇಡ ಎನ್ನುವುದಿಲ್ಲ. ಎಪಾಕ್ಸಿಯ ಮೇಲೆ, ಎರಡು ಮೂರು ಮಿ.ಮೀ. ಮೀರದಂತೆ, ಸುತ್ತಿಗೆಯ ಗುರುತು ಮುಚ್ಚಲು ಬಳಸಬಹುದು. ತೂತು ಮುಚ್ಚಲು ಅದನ್ನು ಬಳಸಿದರೆ ಅದು ಮೋಸ. ಪುಟ್ಟಿ ನೀರು ಹೀರುತ್ತದೆ, ಹೀರಿದ್ದನ್ನು ಹಿಂದಿನ ಕಬ್ಬಿಣಕ್ಕೆ ಉಣಿಸುತ್ತದೆ.

ಈ ಕೆಲಸಕ್ಕೆ ನಮ್ಮ ಸೀಮೆಯ ಬೇಸಗೆ ದೇವರು ಕೊಟ್ಟ ವರ. ಏಪ್ರಿಲ್, ಮೇನಲ್ಲಿ ಉಜ್ಜಿಟ್ಟ ಪತ್ರಾ ರಾತ್ರಿ ಕಳೆದರೂ ಕೆಂಪಾಗುವುದಿಲ್ಲ, ಕರಾವಳಿಯಲ್ಲಿ ಒಂದೆರಡು ತಾಸಿಗೇ ಕೆಂಪು ಕಾಣುತ್ತದೆ. ಬಣ್ಣವನ್ನು ಮಾತ್ರ ಬೆಳಗಿನ ತಂಪಿನಲ್ಲೇ ಹೊಡೆದು ಮುಗಿಸಬೇಕು. ಮಧ್ಯಾಹ್ನ 40 ಡಿಗ್ರಿ ದಾಟಿದ ಬಿಸಿಲಿಗೆ ಪತ್ರಾ ಕಾದಿರುತ್ತದೆ, ಬಣ್ಣ ಹರಡುವ ಮುಂಚೆಯೇ ಒಣಗಿ ಮೇಲ್ಮೈ ಒರಟಾಗುತ್ತದೆ, ಸುಂಟರಗಾಳಿಯ ಧೂಳು ಬೇರೆ.

ತಮ್ಮ ಒಂದು ದಿನ ಬೇಸರದಿಂದ ಅಂದ: "ಅಣ್ಣಾ, ಇದಕ್ಕ ಹಾಕೋ ರೊಕ್ಕದಾಗ ಹಳೇ ಬೊಲೆರೋ ಬರ್ತದ ನೋಡು." ಲೆಕ್ಕ ಹಾಕಿ ತೋರಿಸಿದೆ. ಪತ್ರಾಕ್ಕೆ ಖರ್ಚು ಕಡಿಮೆ. ಹೆಚ್ಚು ಹೋದದ್ದು ಎಪಾಕ್ಸಿ, ಬಣ್ಣ, ಗ್ಯಾಸಿಗೆ. ಕೂಲಿ ನಮ್ಮದೇ. ಹಳೇ ಬೊಲೆರೋ ತಂದರೂ ಅದರ ಮೈಯ ಮೇಲೂ ಆಯಸ್ಕಾಂತ ಹಿಡಿದು ನೋಡಬೇಕಲ್ಲ!

ಕಾಯಿದೆಯ ಮಾತೂ ಇದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ಮೀರಿದ ಗಾಡಿಗೆ 2025ರಲ್ಲಿ 10,000ಕ್ಕೆ ಏರಿತು. ಇಷ್ಟು ಕಟ್ಟುವವರು ಮೈ ಗಟ್ಟಿ ಮಾಡಿಕೊಂಡೇ ತಪಾಸಣೆಗೆ ಹೋಗುವುದು ಜಾಣತನ. ಇದ್ದ ಆಕಾರದಲ್ಲೇ ಪತ್ರಾ ಬದಲಿಸಿದರೆ ಅಡ್ಡಿಯಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ಹೊಂದದಂಥ ಮಾರ್ಪಾಡು ಮಾಡುವಂತಿಲ್ಲ. ಗಾಡಿಯ ಬಣ್ಣ ಬದಲಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಚಾಸಿ ನಂಬರ್ ಕೊರೆದ ಜಾಗದ ಮೇಲೆ ಗ್ರೈಂಡರ್ ಆಡಿಸಬೇಡಿ, ಪುಟ್ಟಿ ಹಚ್ಚಬೇಡಿ. ನಂಬರ್ ಅಳಿಸಿತೆಂದರೆ ಗಾಡಿ ನಿಮ್ಮದೆಂದು ತೋರಿಸುವುದೇ ಕಷ್ಟ.

ನಮ್ಮ ಜೀಪಿನ ಹೊಸ ತಳದಲ್ಲಿ ನಾವು ಕಂಪನಿಯವರು ಮಾಡದ ಒಂದು ಕೆಲಸ ಮಾಡಿದೆವು. ಕೆಳಗಿನ ಪ್ರತಿ ಟೊಪ್ಪಿಗೆ ಪಟ್ಟಿಯ ಎರಡೂ ತುದಿಗಳನ್ನು ತೆರೆದಿಟ್ಟು, ನೀರಿನ ಪೈಪು ಹಿಡಿದರೆ ಮಣ್ಣು ತೊಳೆದು ಹೊರಬರುವಂತೆ ದಾರಿ ಬಿಟ್ಟೆವು. ಟೊಳ್ಳುಗಳ ಒಳಗೆ ಮೇಣದ ಲೇಪ ಸಿಂಪಡಿಸಿದೆವು. ಕಾರಣ ಉಳಿಸಿಕೊಂಡು ಪತ್ರಾ ಮಾತ್ರ ಬದಲಿಸಿದರೆ ಇನ್ನು ಕೆಲವು ವರ್ಷಕ್ಕೆ ಅದೇ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಕೇಂದ್ರೀಯ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಆಳಂದ ರಸ್ತೆಯಲ್ಲಿ ಹೊಸ ಹೊಸ ಕಾರುಗಳು ಕಾಣುತ್ತವೆ. ಆದರೆ ಹಳ್ಳಿಗಳ ಅಂಗಳಗಳಲ್ಲಿ ಎಂಜಿನ್ ಗಟ್ಟಿ ಇದ್ದೂ ಮೈ ಹೋದ ಕಾರಣಕ್ಕೆ ಭಂಗಾರಕ್ಕೆ ಹೊರಟ ಜೀಪು, ಟ್ರ್ಯಾಕ್ಸುಗಳು ಇನ್ನೂ ಇವೆ. ಅಂಥದೊಂದು ನಿಮ್ಮ ಮನೆಯಲ್ಲಿದ್ದರೆ ಮಾರುವ ಮುಂಚೆ ಒಮ್ಮೆ ಮ್ಯಾಟು ಎತ್ತಿ ನೋಡಿ. ಮುಂಗಾರು ಶುರುವಾಗುವುದರೊಳಗೆ ಅಡಿಯ ಮಣ್ಣು ತೊಳೆಯಿರಿ, ನೀರಿನ ತೂತುಗಳನ್ನು ತಂತಿಯಿಂದ ಬಿಡಿಸಿ, ಗೊಬ್ಬರ ಹೇರಿದ ದಿನವೇ ತಳ ಗುಡಿಸಿ. ಗ್ಯಾರೇಜಿಗೇ ಕೊಡುವುದಾದರೆ ಬಣ್ಣ ಹೊಡೆಯುವ ಮುಂಚೆ ಹೋಗಿ ನೋಡಿ, ತುಕ್ಕು ಕತ್ತರಿಸಿದ ತುಂಡುಗಳನ್ನು ತೋರಿಸಿ ಎಂದು ಕೇಳಿ. ತುಂಡು ತೋರಿಸಲಾಗದಿದ್ದರೆ ಬಣ್ಣ ಹೊಡೆಸಬೇಡಿ.